ಹೊತ್ತು ಯಾರದು, ವಾಚು ಯಾರದು?

ನಮ್ಮ ನಡುವೆ ಹೊಸದೊಂದು ಅಧ್ಯಯನ ಶುರುವಾಗಿದೆ. ಓದಿಕೊಂಡ, ಕೈತುಂಬ ಸಂಬಳದ, ನಗರ ಸೇರಿದ ಹುಡುಗರು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಕೂತು ಇದನ್ನು ಮಾಡುತ್ತಾರೆ. ಇದಕ್ಕೆ ಪಠ್ಯಗಳಿವೆ, ಪರಿಭಾಷೆಯಿದೆ, ಗುರುಗಳಿದ್ದಾರೆ, ಶಿಷ್ಯರಿದ್ದಾರೆ, ಜಗಳವೂ ಇದೆ. ಇವರು ಅಧ್ಯಯನ ಮಾಡುತ್ತಿರುವುದು ಭೂಮಿಯ ಪ್ರಶ್ನೆಯನ್ನೋ ಬರವನ್ನೋ ಅಂದುಕೊಂಡೀರಿ. ಅಧ್ಯಯನದ ವಸ್ತು ಸ್ವಿಟ್ಜರ್ಲೆಂಡಿನ ಕೀ ಕೊಡುವ ಕೈಗಡಿಯಾರ! ಹತ್ತು ಲಕ್ಷ ರೂಪಾಯಿ ಕೊಟ್ಟು ಒಂದು ವಾಚು ಕೊಳ್ಳುವ ಮುಂಚೆ ಯಾವುದನ್ನು ಕೊಳ್ಳಬೇಕು, ಎಲ್ಲಿ ಕೊಳ್ಳಬೇಕು, ಅದು ಸಿಗಬೇಕಾದರೆ ಯಾರ ಕೈಕಾಲು ಹಿಡಿಯಬೇಕು ಎಂಬ ಸಂಶೋಧನೆ. ಉಳ್ಳವರ ಮಕ್ಕಳಷ್ಟೇ ಈ ಆಟ ಆಡುತ್ತಿದ್ದರೆ ಇದಕ್ಕಾಗಿ ನಮ್ಮ ಪತ್ರಿಕೆಯ ಪುಟ ಹಾಳು ಮಾಡುವ ಅಗತ್ಯವಿರಲಿಲ್ಲ. ಈಗ ಈ ಸಾಲಿನಲ್ಲಿ ನಮ್ಮವರೂ ನಿಂತಿದ್ದಾರೆ. ನಿಂತು, ಇದೇ ವಿಮೋಚನೆ ಅಂತ ನಮಗೇ ಪಾಠ ಹೇಳುತ್ತಿದ್ದಾರೆ. ಅದಕ್ಕೇ ಈ ಮಾತು.

ಮೊದಲು ವಸ್ತುವನ್ನೇ ನೋಡೋಣ. ಕೀ ವಾಚಿನೊಳಗೆ ಒಂದು ಸುರುಳಿ ಸ್ಪ್ರಿಂಗು ಇರುತ್ತದೆ. ಕೀ ಕೊಟ್ಟಾಗ ಬಿಗಿಯುತ್ತದೆ, ಬಿಚ್ಚಿಕೊಳ್ಳುತ್ತಾ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಒಂದೇ ಏಟಿಗೆ ಬಿಚ್ಚಿಕೊಳ್ಳದಂತೆ ತಡೆತಡೆದು ಬಿಡಲು ಒಂದು ಸಣ್ಣ ಕೊಂಡಿ, ಆ ಕೊಂಡಿಗೆ ತಾಳ ಹಾಕಲು ಅತ್ತಿತ್ತ ಓಲಾಡುವ ಒಂದು ಪುಟ್ಟ ಚಕ್ರ. ಈಗಿನ ಬಹಳಷ್ಟು ವಾಚುಗಳಲ್ಲಿ ಅದು ಗಂಟೆಗೆ 28,800 ಸಲ ಮಿಡಿಯುತ್ತದೆ. ಅಚ್ಚು ಸವೆಯದಿರಲೆಂದು ಕೃತಕ ಮಾಣಿಕ್ಯದ ಹರಳು ಕೂರಿಸಿರುತ್ತಾರೆ. ಆಟೊಮ್ಯಾಟಿಕ್ ಆದರೆ ಕಟ್ಟಿದವನ ಕೈ ಅಲುಗಿದರೇ ಸಾಕು, ಸ್ಪ್ರಿಂಗು ತಾನೇ ಬಿಗಿಯುತ್ತದೆ. ಮನುಷ್ಯನ ಬುದ್ಧಿ ಮತ್ತು ಕೈ ಎರಡೂ ಕೂಡಿ ಮಾಡಿದ ದೊಡ್ಡ ಕೆಲಸ ಇದು. ಇದನ್ನು ಹಗುರ ಮಾಡಿ ಮಾತಾಡುವುದು ನಮ್ಮ ಉದ್ದೇಶವಲ್ಲ. ಕೈಯಿಂದ ಕೆಲಸ ಮಾಡುವವರನ್ನು ಹಗುರ ಮಾಡುವುದು ಮನುವಿನ ಮಕ್ಕಳ ಕಸುಬು, ನಮ್ಮದಲ್ಲ.

ಆದರೆ ಹೊತ್ತು ತೋರಿಸುವ ಮಾತಿಗೆ ಬನ್ನಿ. ಒಂದು ಕೀ ವಾಚಿನ ಯಂತ್ರಕ್ಕೆ 'ಕ್ರೊನೊಮೀಟರ್' ಎಂಬ ಸರ್ಟಿಫಿಕೇಟು ಸಿಗಬೇಕಾದರೆ ಸ್ವಿಟ್ಜರ್ಲೆಂಡಿನ ಪರೀಕ್ಷಾ ಸಂಸ್ಥೆ ಹಾಕಿರುವ ಮಿತಿ ಇಷ್ಟು: ಸರಾಸರಿ ದಿನಕ್ಕೆ 4 ಸೆಕೆಂಡಿಗಿಂತ ಹಿಂದೆ ಬೀಳಬಾರದು, 6 ಸೆಕೆಂಡಿಗಿಂತ ಮುಂದೆ ಓಡಬಾರದು. ಸಂತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಸೆಲ್ಲಿನ ವಾಚು ಸಾಮಾನ್ಯವಾಗಿ ತಿಂಗಳಿಗೆ ಹದಿನೈದು ಸೆಕೆಂಡು ಅತ್ತಿತ್ತ ಆಗುತ್ತದೆ. ಅಂದರೆ ಸಂತೆಯ ವಾಚು ಒಂದು ತಿಂಗಳಲ್ಲಿ ಮಾಡುವ ತಪ್ಪನ್ನು ಸರ್ಟಿಫಿಕೇಟಿನ ವಾಚು ಮೂರೇ ದಿನದಲ್ಲಿ ಮಾಡಬಹುದು! ಸಂಶೋಧನೆ ಮಾಡುವವನಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಅವನು ಓದುವ ಮೊದಲ ಪಾಠವೇ ಇದು. ಗೊತ್ತಿದ್ದೇ ಕೊಳ್ಳುತ್ತಾನೆ. ಹೊತ್ತು ನೋಡಲು ಅವನ ಜೇಬಿನಲ್ಲಿ ಫೋನಿದೆ.

ಹಾಗಾದರೆ ಅವನು ಕೊಳ್ಳುತ್ತಿರುವುದು ಏನನ್ನು?

ಅವನು ಕಲಿಯುವ ಶಾಸ್ತ್ರವನ್ನು ಸ್ವಲ್ಪ ಕೇಳಿ, ನಿಮಗೇ ತಿಳಿಯುತ್ತದೆ. ಕಂಪನಿ ತನ್ನ ಮನೆಯಲ್ಲೇ ಮಾಡಿದ ಯಂತ್ರ ಶ್ರೇಷ್ಠ, ಹೊರಗಿನ ಕಾರ್ಖಾನೆಯಿಂದ ತಂದು ಕೂರಿಸಿದ್ದು ಕನಿಷ್ಠ. ಎರಡೂ ಒಂದೇ ಹೊತ್ತು ತೋರಿಸಿದರೂ ಹುಟ್ಟಿನ ಮನೆ ಬೇರೆ, ಆದ್ದರಿಂದ ಅಂತಸ್ತು ಬೇರೆ. ಹಳೆಯ ವಾಚಾದರೆ ಅದರ ಡಯಲು, ಮುಳ್ಳು, ಕೇಸು ಎಲ್ಲ ಹುಟ್ಟಿದಂತೆಯೇ ಇರಬೇಕು. ಯಾರೋ ಪಾಲಿಶು ಮಾಡಿದ್ದರೆ, ಬೇರೆ ಮುಳ್ಳು ಕೂರಿಸಿದ್ದರೆ ಅದು ಕೆಟ್ಟಿತು, ಮೈಲಿಗೆ. ಜೊತೆಗೆ ಡಬ್ಬಿ ಬೇಕು, ಕಾಗದ ಬೇಕು. ಡಬ್ಬಿ ಕಾಗದ ಇಲ್ಲದ್ದು ಕುಲಗೋತ್ರ ಗೊತ್ತಿಲ್ಲದ ಕೂಸು. ಕಂಪನಿಗಳಲ್ಲೂ ಮೇಲು ಕೀಳಿನ ಏಣಿಯಿದೆ. ಅದರ ತುದಿಯಲ್ಲಿ ನಾಲ್ಕಾರು ಹೆಸರು. ಅವುಗಳ ಕೆಳಗೆ ಇನ್ನೊಂದಿಷ್ಟು, ಅದರ ಕೆಳಗೆ ಮತ್ತೊಂದಿಷ್ಟು. ಮೇಲಿನ ಮೆಟ್ಟಿಲಿಗೆ ಕೈ ಮುಗಿಯುವುದು, ಕೆಳಗಿನ ಮೆಟ್ಟಿಲಿಗೆ ಮೂಗು ಮುರಿಯುವುದು. ಈ ಏಣಿಯನ್ನು ನಾವು ಎಲ್ಲೋ ನೋಡಿದ್ದೇವಲ್ಲ? ಮೇಲೇರುತ್ತ ಗೌರವ, ಕೆಳಗಿಳಿಯುತ್ತ ತಿರಸ್ಕಾರ ಎಂದು ಬಾಬಾಸಾಹೇಬರು ಬಿಡಿಸಿ ತೋರಿಸಿದ ಏಣಿ ಇದೇ ಅಲ್ಲವೆ?

ಇನ್ನು ಅಂಗಡಿಯ ಬಾಗಿಲು. ದುಡ್ಡಿದ್ದರೆ ಸಾಕು, ವಾಚು ಸಿಗುತ್ತದೆ ಅಂದುಕೊಂಡಿದ್ದೀರೇನೋ. ಇಲ್ಲ ಸ್ವಾಮಿ. ಬಹಳ ಬೇಡಿಕೆಯಿರುವ ವಾಚನ್ನು ಕೇಳಿದರೆ "ಸದ್ಯಕ್ಕೆ ಇಲ್ಲ, ಹೆಸರು ಬರೆಸಿ ಹೋಗಿ" ಅನ್ನುತ್ತಾರೆ. ಹೆಸರು ಬರೆಸಿದವನು ಕಾಯಬೇಕು. ಬರೀ ಕಾದರೆ ಸಾಲದು, ಅದೇ ಅಂಗಡಿಯಲ್ಲಿ ತನಗೆ ಬೇಡವಾದ ಬೇರೆ ವಾಚು, ಹೆಂಡತಿಗೆ ಒಡವೆ ಕೊಂಡು ತಾನು ಯೋಗ್ಯ ಗಿರಾಕಿ ಅಂತ ತೋರಿಸಬೇಕು ಎಂದು ಬಲ್ಲವರು ಬುದ್ಧಿ ಹೇಳುತ್ತಾರೆ. ಲಕ್ಷಗಟ್ಟಲೆ ಎಣಿಸಿ ಕೊಡುವವನು ಕೈಕಟ್ಟಿ ನಿಲ್ಲುತ್ತಾನೆ, ಕೌಂಟರಿನ ಆಚೆಯವನು ಪೂಜಾರಿಯಂತೆ ಮುಗುಳ್ನಗುತ್ತಾನೆ. ಸಾವಿರಾರು ವರ್ಷ ನಮ್ಮನ್ನು ಗುಡಿಯ ಹೊರಗೆ ನಿಲ್ಲಿಸಿದರು. ಆ ಅವಮಾನದ ವಿರುದ್ಧ 1930 ರಲ್ಲಿ ನಾಸಿಕದ ಕಾಳಾರಾಮ ಗುಡಿಯ ಮುಂದೆ ಸತ್ಯಾಗ್ರಹ ಶುರುವಾಯಿತು. ಈಗ ಅದೇ ಜನರ ಮೊಮ್ಮಕ್ಕಳು ಇನ್ನೊಂದು ಗರ್ಭಗುಡಿಯ ಮುಂದೆ ತಾವಾಗಿ ಹೋಗಿ ಸಾಲು ನಿಂತು, ಹೊರಗೆ ನಿಲ್ಲಿಸಿಕೊಳ್ಳಲು ದುಡ್ಡು ಕೊಡುವುದೆಂದರೆ ಏನು ಹೇಳೋಣ!

ಮತ್ತೆ ವಂಶದ ಮಾತು. ಪಾಟೆಕ್ ಫಿಲಿಪ್ ಎಂಬ ಜಿನೀವಾದ ಕಂಪನಿ 1996 ರಿಂದ ಒಂದು ಜಾಹೀರಾತು ಹಾಕುತ್ತ ಬಂದಿದೆ. ಅಪ್ಪ, ಮಗ, ನಗುಮುಖ. ಸಾರಾಂಶ ಇಷ್ಟು: ಈ ವಾಚು ನಿಮ್ಮದಲ್ಲ, ಮುಂದಿನ ಪೀಳಿಗೆಗಾಗಿ ನೀವು ಕಾಯ್ದುಕೊಂಡಿದ್ದೀರಿ, ಅಷ್ಟೇ. ಎಂಥ ಮುದ್ದಾದ ಮಾತು! ನಮ್ಮ ಕೇರಿಗಳಲ್ಲೂ ಅಪ್ಪನಿಂದ ಮಗನಿಗೆ ಬಂದದ್ದು ಒಂದಿತ್ತು. ಸಾಲ. ಅಜ್ಜ ಗೌಡನ ಹತ್ತಿರ ಮದುವೆಗೋ ಸಾವಿಗೋ ಪಡೆದ ಪುಡಿಗಾಸಿಗೆ ಅಪ್ಪ ಜೀತ, ಅಪ್ಪ ಸತ್ತ ಮೇಲೆ ಮಗ ಜೀತ. 1976 ರ ಕಾಯ್ದೆ ಬಂದು ಆ ಸಾಲ ರದ್ದಾಯಿತೆಂದು ಹೇಳುವವರೆಗೂ ನಮ್ಮ ವಂಶಪಾರಂಪರ್ಯದ ಆಸ್ತಿ ಅದೇ. ಕಾಯ್ದೆ ಬಂದ ಮೇಲೂ ಎಷ್ಟು ಹಟ್ಟಿಗಳಲ್ಲಿ ಅದು ಮುಗಿದಿದೆ ಎಂಬುದನ್ನು ಈ ಪತ್ರಿಕೆ ಓದುವ ಹಳ್ಳಿಯ ಮೇಷ್ಟ್ರುಗಳು ಹೇಳಲಿ. 2017 ರಲ್ಲಿ ನ್ಯೂಯಾರ್ಕಿನಲ್ಲಿ ಪಾಲ್ ನ್ಯೂಮನ್ ಎಂಬ ಸಿನಿಮಾ ನಟ ಕಟ್ಟಿದ್ದ ರೋಲೆಕ್ಸ್ ಹರಾಜಾಯಿತು. ಬೆಲೆ ಒಂದು ಕೋಟಿ ಎಪ್ಪತ್ತೇಳು ಲಕ್ಷ ಡಾಲರು, ಆಗಿನ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಮೀರಿ. ಯಂತ್ರದ ಬೆಲೆ ಅಷ್ಟಿರಲು ಸಾಧ್ಯವಿಲ್ಲ. ಅದು ಮಠದಲ್ಲಿ ಪಾದುಕೆಗೆ ಬೀಳುವ ಕಾಣಿಕೆಯಂಥದು.

ಈ ಪಾವಿತ್ರ್ಯ ಅನಾದಿಯಿಂದ ಬಂದದ್ದೇನಲ್ಲ. ಜಾತಿ ದೇವರು ಮಾಡಿದ್ದು ಅನ್ನುವಂತೆ ಇದನ್ನೂ ಪರಂಪರೆ ಅಂತ ಮಾರುತ್ತಾರೆ. ಇದರ ಹುಟ್ಟು ನಮ್ಮ ಕಣ್ಣಮುಂದೆಯೇ ಆಗಿದೆ. 1969 ರ ಡಿಸೆಂಬರ್ 25 ರಂದು ಜಪಾನಿನ ಸೀಕೊ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಶುರುವಿಗೆ ಅದೂ ದುಬಾರಿಯೇ. ಹತ್ತೇ ವರ್ಷದಲ್ಲಿ ಅಗ್ಗವಾಯಿತು. ಸರಿಯಾದ ಹೊತ್ತು ಮೊದಲ ಬಾರಿಗೆ ಬಡವನ ಕೈಗೆ ಬಂತು. ಇದಕ್ಕಿಂತ ದೊಡ್ಡ ಸಮಾನತೆ ಉಂಟೆ? ಆದರೆ ಸ್ವಿಟ್ಜರ್ಲೆಂಡಿನಲ್ಲಿ ಹಾಹಾಕಾರ. 1970 ರಲ್ಲಿ ಅಲ್ಲಿನ ವಾಚು ಉದ್ದಿಮೆಯಲ್ಲಿ ಸುಮಾರು ತೊಂಬತ್ತು ಸಾವಿರ ಜನ ದುಡಿಯುತ್ತಿದ್ದರು. ಎಂಬತ್ತರ ದಶಕದ ನಡುವಿಗೆ ಅದು ಮೂರರಲ್ಲಿ ಒಂದರ ಆಸುಪಾಸಿಗೆ ಇಳಿದಿತ್ತು. ಮಾಲೀಕರು ಮಾತ್ರ ದಾರಿ ಕಂಡುಕೊಂಡರು. ಹೊತ್ತಿನ ವಿಷಯದಲ್ಲಿ ಗೆಲ್ಲಲಾಗದ ವಸ್ತುವನ್ನು ಅಂತಸ್ತಿನ ವಸ್ತು ಮಾಡಿದರು. 1972 ರಲ್ಲೇ ಓಡೆಮಾರ್ ಪಿಗೆ ಎಂಬ ಕಂಪನಿ ಬರೀ ಉಕ್ಕಿನ ವಾಚಿಗೆ ಆ ಕಾಲದ ಎಷ್ಟೋ ಚಿನ್ನದ ವಾಚುಗಳಿಗಿಂತ ಹೆಚ್ಚಿನ ಬೆಲೆ ಇಟ್ಟು ದಾರಿ ತೋರಿಸಿತ್ತು. ಉಕ್ಕಿಗೆ ಚಿನ್ನದ ಬೆಲೆ ಎಲ್ಲಿಂದ ಬಂತು? ಬೇರೆಯವರಿಗೆ ಸಿಗುವುದಿಲ್ಲ ಎಂಬುದರಿಂದ ಬಂತು. ಎಲ್ಲರ ಕೈಗೂ ವಾಚು ಬಂದ ಕೂಡಲೇ ಮೇಲಿನವರಿಗೆ ಬೇರೆ ವಾಚು ಬೇಕಾಯಿತು. ನಮ್ಮ ಹುಡುಗರು ಶಾಲೆಗೆ ಸೇರಿದ ಕೂಡಲೇ ಊರಿನವರಿಗೆ ಬೇರೆ ಶಾಲೆ ಬೇಕಾದ ಹಾಗೆ.

ಆರು ತಿಂಗಳ ಸಂಶೋಧನೆಯಲ್ಲಿ ಇದು ಒಂದು ಸಾಲೂ ಬರುವುದಿಲ್ಲ. ಇನ್ನೂ ಕೆಲವು ಬರುವುದಿಲ್ಲ. ಹಳೆಯ ವಾಚಿನ ರೇಡಿಯಂ ಡಯಲು ಕಾಲಕಳೆದಂತೆ ಯಾವ ಕಂದು ಬಣ್ಣಕ್ಕೆ ತಿರುಗಿದರೆ ಎಷ್ಟು ಬೆಲೆ ಎಂಬುದನ್ನು ಸಂಗ್ರಹಕಾರ ಬಾಯಿಪಾಠ ಹೇಳುತ್ತಾನೆ. ಆ ಡಯಲಿಗೆ ಬಣ್ಣ ಹಚ್ಚಿದ ಹೆಣ್ಣುಮಕ್ಕಳ ಮಾತು ಎತ್ತುವುದಿಲ್ಲ. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಪಟ್ಟಣದ ಕಾರ್ಖಾನೆಯಲ್ಲಿ ಕುಂಚದ ತುದಿ ಚೂಪಾಗಲೆಂದು ತುಟಿಯಲ್ಲಿ ತೀಡಿ ತೀಡಿ ಹಚ್ಚಲು ಅವರಿಗೆ ಕಲಿಸಿದ್ದರು. ಬಾಯಿಯಿಂದ ಒಳಗೆ ಹೋದ ರೇಡಿಯಂ ದವಡೆಯ ಮೂಳೆ ಕೊಳೆಸಿತು. ಐವರು ಹೆಂಗಸರು ಕೋರ್ಟಿಗೆ ಹೋಗಿ 1928 ರಲ್ಲಿ ಪರಿಹಾರ ಪಡೆದರು. ಬದುಕು ಅಷ್ಟರಲ್ಲಿ ಮುಗಿದಿತ್ತು. ಸ್ವಿಟ್ಜರ್ಲೆಂಡಿನ ಜೂರಾ ಬೆಟ್ಟಗಳ ವಾಚು ಕೆಲಸಗಾರರ ಕಸಬುಗಾರಿಕೆಯನ್ನು ಹೊಗಳುವವರು ಇನ್ನೊಂದು ಮಾತು ಬಿಡುತ್ತಾರೆ: 1872 ರಲ್ಲಿ ರಷ್ಯಾದ ಕ್ರೊಪೊಟ್ಕಿನ್ ಅಲ್ಲಿಗೆ ಹೋಗಿ, ಆ ಕೆಲಸಗಾರರು ಯಾರಿಗೂ ತಲೆಬಾಗದೆ ತಾವೇ ಕೂತು ಯೋಚಿಸುವುದನ್ನು ಕಂಡು, ಅರಾಜಕತಾವಾದಿಯಾಗಿ ಹಿಂದಿರುಗಿದ. ಫ್ರಾನ್ಸಿನ ಬೆಸಾನ್ಸೋನ್ ಊರಿನಲ್ಲಿ ಲಿಪ್ ಎಂಬ ವಾಚು ಕಾರ್ಖಾನೆ. 1973 ರಲ್ಲಿ ಕೆಲಸದಿಂದ ತೆಗೆಯುತ್ತಾರೆಂದು ಗೊತ್ತಾದಾಗ ಕಾರ್ಮಿಕರು ಕಾರ್ಖಾನೆಯನ್ನೇ ವಶಪಡಿಸಿಕೊಂಡರು. ಮಾಡಿಟ್ಟಿದ್ದ ವಾಚುಗಳನ್ನು ಬಚ್ಚಿಟ್ಟರು. ತಾವೇ ಮಾಡಿದರು, ತಾವೇ ಮಾರಿದರು, ತಾವೇ ಸಂಬಳ ಹಂಚಿಕೊಂಡರು. ವಾಚಿನ ಚರಿತ್ರೆ ಅಂದರೆ ನಮಗೆ ಇದು. ಕ್ಯಾಟಲಾಗಿನಲ್ಲಿ ಕಂಪನಿಯ ಸ್ಥಾಪಕನ ಗಡ್ಡದ ಚಿತ್ರ ಇರುತ್ತದೆ, ಕೆಲಸಗಾರನ ಹೆಸರು ಇರುವುದಿಲ್ಲ.

ಹೊತ್ತಿಗೂ ಜಾತಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಅವರಿಗೆ ಪುಣೆಯ ಕಥೆ ಹೇಳಬೇಕು. ಪೇಶ್ವೆಗಳ ಕಾಲದಲ್ಲಿ ಮಹಾರ್ ಮತ್ತು ಮಾಂಗ್ ಜನ ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಮಧ್ಯಾಹ್ನ ಮೂರರ ನಂತರ ಪುಣೆಯ ಕೋಟೆ ಬಾಗಿಲೊಳಗೆ ಇರುವಂತಿರಲಿಲ್ಲ ಎಂದು ಸಮಾಜಶಾಸ್ತ್ರಜ್ಞ ಘುರ್ಯೆ ಬರೆದಿದ್ದಾರೆ. ಯಾಕೆ? ಆ ಹೊತ್ತಿನಲ್ಲಿ ಮೈಯ ನೆರಳು ಉದ್ದವಾಗಿ ಬೀಳುತ್ತದೆ, ಬ್ರಾಹ್ಮಣನ ಮೇಲೆ ಬಿದ್ದರೆ ಮೈಲಿಗೆ. ನೋಡಿದಿರಾ? ನೆರಳು ನೋಡಿ ಹೊತ್ತು ಹೇಳುವುದು ಲೋಕದ ಮೊದಲ ಗಡಿಯಾರ. ಆ ಗಡಿಯಾರದ ಕಂಬವಾಗಿ ನಮ್ಮ ಮೈಯನ್ನೇ ನೆಟ್ಟಿದ್ದರು. ಕೀ ಕೊಡುವ ಯಂತ್ರ ನಮ್ಮ ಕೈಗೆ ಬರುವ ಮುಂಚೆಯೇ ಈ ದೇಶದಲ್ಲಿ ಜಾತಿಗೆ ಗಂಟೆ ನಿಮಿಷದ ಲೆಕ್ಕ ಇತ್ತು.

ನಮ್ಮ ಹಳ್ಳಿಗಳಲ್ಲಿ ಹೊತ್ತು ಒಡೆಯನದು. ಕೋಳಿ ಕೂಗುವ ಹೊತ್ತಿಗೆ ಕೊಟ್ಟಿಗೆಯಲ್ಲಿರಬೇಕು, ದನ ಹಟ್ಟಿ ಸೇರಿ ಕತ್ತಲಾದ ಮೇಲೂ ಗೌಡ ಹೋಗು ಅಂದಾಗಲೇ ಹೋಗಬೇಕು. ಎಷ್ಟು ಗಂಟೆ ದುಡಿದೆ ಎಂಬ ಮಾತೇ ಬರುವಂತಿಲ್ಲ. ಅಂಥ ಕಡೆ ಕೇರಿಯ ಹುಡುಗ ಒಬ್ಬ ಹತ್ತನೇ ಕ್ಲಾಸು ಪಾಸಾಗಿ ಕೈಗೆ ವಾಚು ಕಟ್ಟಿಕೊಂಡು ಊರ ಮುಂದೆ ನಡೆದುಹೋದರೆ ಚಾವಡಿಯಲ್ಲಿ ಕೂತವರಿಗೆ ಯಾಕೆ ಉರಿಯುತ್ತಿತ್ತು ಎಂಬುದು ಈಗ ಅರ್ಥವಾಗುತ್ತದೆ. "ಏನ್ಲಾ, ವಾಚ್ ಕಟ್ಕಂಡಿದ್ದೀಯ, ಟೇಮು ನೋಡಕ್ ಬತ್ತದೇನ್ಲಾ?" ಈ ಮಾತು ಕೇಳಿಸಿಕೊಳ್ಳದೆ ಬೆಳೆದವರು ನಮ್ಮಲ್ಲಿ ಎಷ್ಟು ಜನ? ಆ ಹುಡುಗ ಹೊತ್ತು ನೋಡಬಲ್ಲ, ಆದ್ದರಿಂದ ನಾಳೆ ಕೂಲಿ ಲೆಕ್ಕ ಕೇಳಬಲ್ಲ. ಉರಿ ಅದಕ್ಕೆ. 1928 ರಲ್ಲಿ ಇಂದೂರು ಸೀಮೆಯ ಬಲಾಯಿಗಳು ಜರಿ ಅಂಚಿನ ಪೇಟ ಸುತ್ತಬಾರದು, ಬಣ್ಣದ ಅಂಚಿನ ಧೋತರ ಉಡಬಾರದು, ಅವರ ಹೆಂಗಸರು ಚಿನ್ನ ಬೆಳ್ಳಿ ತೊಡಬಾರದು ಎಂದು ಮೇಲ್ಜಾತಿಯವರು ಕಟ್ಟುಮಾಡಿದ್ದನ್ನು, 1935 ರಲ್ಲಿ ಅಹಮದಾಬಾದ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಲೋಹದ ಕೊಡದಲ್ಲಿ ನೀರು ತಂದ ನಮ್ಮ ಹೆಣ್ಣುಮಕ್ಕಳನ್ನು ಹೊಡೆದದ್ದನ್ನು ಬಾಬಾಸಾಹೇಬರು 'ಜಾತಿ ವಿನಾಶ'ದಲ್ಲಿ ದಾಖಲಿಸಿದ್ದಾರೆ. ಆದ್ದರಿಂದ ನಮ್ಮ ಕೈಯ ವಾಚು, ನಮ್ಮ ಕಾಲಿನ ಚಪ್ಪಲಿ, ನಮ್ಮ ಮೀಸೆ ಇವು ಶೋಕಿಯಲ್ಲ, ಹೋರಾಟದಿಂದ ಬಂದವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂತ ಗಾದೆ ಕಟ್ಟಿದವರು ಯಾರು? ಹಿಟ್ಟನ್ನೂ ಮಲ್ಲಿಗೆಯನ್ನೂ ತಾವೇ ಇಟ್ಟುಕೊಂಡವರು. ಆ ಗಾದೆಯನ್ನು ನಾವು ನಮ್ಮವರ ಮೇಲೆ ಎತ್ತುವುದಿಲ್ಲ.

ಇಲ್ಲೇ ನಮ್ಮ ಗೆಳೆಯರು ಅಡ್ಡ ಬಾಯಿ ಹಾಕುತ್ತಾರೆ. "ಸರಿ ಕಣಣ್ಣ, ನೀನೇ ಹೇಳಿದೆ ವಾಚು ಹೋರಾಟ ಅಂತ. ಹಾಗಾದರೆ ನಾನು ರೋಲೆಕ್ಸ್ ಕಟ್ಟಿದರೆ ನಿನಗೇನು ಹೊಟ್ಟೆಯುರಿ? ಬಾಬಾಸಾಹೇಬರು ಸೂಟು ಹಾಕಲಿಲ್ಲವೇನು? ಅವರ ಮಕ್ಕಳು ಕಟ್ಟಬಹುದು, ನಾವು ಕಟ್ಟಬಾರದೋ? ತ್ಯಾಗ ಮಾಡು ಅಂತ ಬಡವನಿಗೇ ಹೇಳೋದು ಗಾಂಧಿಯ ಪಾಠ, ನಮ್ಮದಲ್ಲ."

ಇದು ತೇಲಿಸಿಬಿಡುವ ವಾದವಲ್ಲ. ಇದರಲ್ಲಿ ನಿಜವಿದೆ. ಕಟ್ಟಬಾರದು ಎಂಬ ಕಟ್ಟಳೆ ನಮ್ಮಿಂದ ಬರಲಾರದು. ಮೇಲ್ಜಾತಿಯವನ ಕೈಯಲ್ಲಿ ಅಭಿರುಚಿ ಅನ್ನಿಸಿಕೊಳ್ಳುವ ವಾಚು ನಮ್ಮವನ ಕೈಗೆ ಬಂದ ಕೂಡಲೇ ಲಂಚದ ದುಡ್ಡು ಅನ್ನಿಸಿಕೊಳ್ಳುವ ಅನ್ಯಾಯವೂ ನಮಗೆ ಗೊತ್ತು. ಆದರೆ ಬಾಬಾಸಾಹೇಬರ ಸೂಟನ್ನು ಇಲ್ಲಿಗೆ ಎಳೆಯಬೇಡಿ. ನೀನು ಇಂಥದ್ದೇ ಉಡಬೇಕು ಎಂಬ ಜಾತಿಯ ಅಪ್ಪಣೆಯನ್ನು ಆ ಸೂಟು ಹರಿದು ಹಾಕಿತು. ಅದನ್ನು ನೋಡಿದ ಹಟ್ಟಿಯ ಪ್ರತಿ ಹುಡುಗನಿಗೂ ನಾನೂ ಹಾಕಬಹುದು ಅನ್ನಿಸಿತು. ಅವರು ಬೊಂಬಾಯಿಯ ದಾದರಿನಲ್ಲಿ ಮನೆ ಕಟ್ಟಿಸಿದಾಗಲೂ ತಮ್ಮ ಪುಸ್ತಕಗಳಿಗೆ ಜಾಗ ಆಗಲೆಂದೇ ಕಟ್ಟಿಸಿದರು. ರೋಲೆಕ್ಸ್ ಮಾಡುವುದು ತಿರುಗಾಮುರುಗಾ ಕೆಲಸ. ಇನ್ನೊಬ್ಬನಿಗೆ ಸಿಗಬಾರದು ಎಂಬುದರ ಮೇಲೇ ಅದರ ಬೆಲೆ ನಿಂತಿದೆ. ನಾಳೆ ಎಲ್ಲರಿಗೂ ಸಿಕ್ಕರೆ ನೀನೇ ಬಿಚ್ಚಿ ಎಸೆಯುತ್ತೀಯ. ಸೂಟು ಬಾಗಿಲು ತೆರೆಯಿತು. ಇದು ಒಳಗೆ ಹೋಗಿ ಅಗುಳಿ ಹಾಕಿಕೊಳ್ಳುವುದು.

ಒಂದು ಲೆಕ್ಕ ಮಾಡಿ. ಹಳ್ಳಿಯ ಮೇಷ್ಟ್ರುಗಳು ಮಕ್ಕಳ ಕೈಲೇ ಮಾಡಿಸಬಹುದು. 2025-26 ರ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಎಂದು ಗೊತ್ತುಮಾಡಿದ್ದರು. ಒಂದು ಮನೆಗೆ ವರ್ಷಕ್ಕೆ ನೂರು ದಿನದ ಕೆಲಸ ಪೂರ್ತಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ: 37 ಸಾವಿರ. ಹತ್ತು ಲಕ್ಷದ ವಾಚು ಅಂದರೆ ಅಂಥ ಇಪ್ಪತ್ತೇಳು ವರ್ಷ. ಒಬ್ಬ ಹೆಣ್ಣುಮಗಳು ಹದಿನೆಂಟಕ್ಕೆ ಗುದ್ದಲಿ ಹಿಡಿದರೆ ನಲವತ್ತೈದಕ್ಕೆ ಆ ವಾಚು. ಅದೂ ಒಂದು ಹೊತ್ತೂ ಉಣ್ಣದೆ ಇದ್ದರೆ. ಆ ವಾಚಿನಲ್ಲಿ ಹೊತ್ತು ಇಲ್ಲ ಅಂದೆವಲ್ಲ, ಇಲ್ಲಿದೆ ನೋಡಿ ಅದರ ಹೊತ್ತು.

ನಮ್ಮ ನಾಡಿನಲ್ಲಿ ವಾಚಿನ ಬಗ್ಗೆ ಒಂದು ದೊಡ್ಡ ಗದ್ದಲ ಆಗಿಹೋಗಿದೆ. 2016 ರ ಫೆಬ್ರವರಿಯಲ್ಲಿ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯಲ್ಲಿದ್ದ ವಜ್ರದ ಹರಳಿನ ಹ್ಯೂಬ್ಲೋ ವಾಚು. ಎಪ್ಪತ್ತು ಲಕ್ಷದ್ದು ಅಂತ ವಿರೋಧಿಗಳು ಕೂಗಿದರು. ದುಬೈಯ ಗೆಳೆಯ ಕೊಟ್ಟ ಉಡುಗೊರೆ ಅಂತ ಅವರು ಹೇಳಿದರು. ಮಾರ್ಚ್ ತಿಂಗಳಲ್ಲಿ ಅದನ್ನು ವಿಧಾನಸಭೆಯ ಅಧ್ಯಕ್ಷರಿಗೆ ಒಪ್ಪಿಸಿದರು, ಅದು ಸರ್ಕಾರದ ಸ್ವತ್ತಾಯಿತು. ಸಮಾಜವಾದದ ಗರಡಿಯಲ್ಲಿ ಪಳಗಿದ ಕೈಗೆ ಆ ವಾಚು ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕುರುಬರ ಮಗನ ಕೈ ಎಂಬುದಕ್ಕೇ ಇಷ್ಟು ಗದ್ದಲ ಎಂಬ ಅನುಮಾನದಲ್ಲೂ ಹುರುಳಿಲ್ಲದಿಲ್ಲ. ತಲೆಮಾರುಗಳಿಂದ ಬಂಗಾರ ಹೇರಿಕೊಂಡವರ ಮೈ ಯಾರೂ ಎಣಿಸಲಿಲ್ಲ. ಆದರೆ ನಮ್ಮ ಸಿಟ್ಟು ಬೇರೆಯದರ ಮೇಲೆ. ಅದೇ ವರ್ಷ ಜನವರಿಯಲ್ಲಿ ದೆಹಲಿಯ ಸಚಿವ ಸಂಪುಟ ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ವಾಚು ಮಾಡುವ ನಾಡಿನ ಕಾರ್ಖಾನೆಗೆ ಬೀಗ ಬಿದ್ದ ಮರುತಿಂಗಳೇ ಇಡೀ ರಾಜ್ಯ ಹೊರದೇಶದ ಒಂದು ವಾಚಿನ ಬೆಲೆ ಚರ್ಚಿಸುತ್ತ ಕೂತಿತ್ತು!

ಎಚ್‌ಎಂಟಿ ಅಂದರೆ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. 1961 ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದದ್ದು. ಆಮೇಲೆ ತುಮಕೂರಿಗೂ ಬಂತು. ಕೀ ಕೊಡುವ ಆ ವಾಚುಗಳಲ್ಲಿ ಒಂದರ ಹೆಸರೇ 'ಜನತಾ'. ಕಣ್ಣಿಲ್ಲದವರು ಬೆರಳಲ್ಲಿ ಮುಟ್ಟಿ ನೋಡುವ ಬ್ರೈಲ್ ವಾಚನ್ನೂ ಮಾಡಿದರು. ಮದುವೆಯಲ್ಲಿ ಅಳಿಯನಿಗೆ, ನಿವೃತ್ತಿಯ ದಿನ ಮೇಷ್ಟ್ರಿಗೆ, ಮೊದಲ ಸಂಬಳದಲ್ಲಿ ಮಗ ಅಪ್ಪನಿಗೆ ಕೊಟ್ಟದ್ದು ಇದನ್ನೇ. ಅದು ಸರ್ಕಾರಿ ಉದ್ದಿಮೆ, ಅಂದರೆ ಮೀಸಲಾತಿ ಇದ್ದ ಉದ್ದಿಮೆ. ನಮ್ಮ ಜನ ಯಾವ ಹೊತ್ತನ್ನು ನೋಡಬಾರದು ಅಂದಿದ್ದರೋ ಆ ಹೊತ್ತನ್ನು ಮಾಡುವ ಕೆಲಸಕ್ಕೆ ಅವರು ಹಕ್ಕಿನಿಂದ ಹೋಗಿ ಕೂರಬಹುದಾಗಿತ್ತು. 1980-81 ರಲ್ಲಿ ಬೆಂಗಳೂರಿನ ಸರ್ಕಾರಿ ಉದ್ದಿಮೆಗಳ ಕಾರ್ಮಿಕರು ಎಪ್ಪತ್ತೇಳು ದಿನ ಮುಷ್ಕರ ಹೂಡಿದಾಗ ಎಚ್‌ಎಂಟಿಯವರೂ ಬೀದಿಯಲ್ಲಿದ್ದರು. ಆ ಕಾರ್ಖಾನೆ ಮುಳುಗಲು ಕಾರಣಗಳು ಹಲವು. ಕ್ವಾರ್ಟ್ಜಿಗೆ ತಡವಾಗಿ ತಿರುಗಿದ್ದು, ಖಾಸಗಿಯವರ ಪೈಪೋಟಿ, ದೆಹಲಿಯ ಅಸಡ್ಡೆ. ಸ್ವಿಟ್ಜರ್ಲೆಂಡಿನಲ್ಲಿ ಕೀ ವಾಚು ಹಿಂದೆ ಬಿದ್ದಾಗ ಅದನ್ನು ವೈಭವ ಮಾಡಿ ಉಳಿಸಿಕೊಂಡರು. ಇಲ್ಲಿ ಅದೇ ಕೀ ವಾಚನ್ನು ದಂಡ ಅಂತ ಮುಚ್ಚಿದರು. ಯಂತ್ರ ಎರಡೂ ಕಡೆ ಒಂದೇ ಜಾತಿಯದು. ಮಾಡುವ ಕೈ ಬೇರೆ, ಕಟ್ಟುವ ಕೈ ಬೇರೆ, ಆದ್ದರಿಂದ ಬೆಲೆ ಬೇರೆ.

ಮುಂದಿನ ಕಥೆ ಕೇಳಿ. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ಜಾಲಹಳ್ಳಿಯಲ್ಲಿ 2019 ರಲ್ಲಿ ಎಚ್‌ಎಂಟಿಯ ಮ್ಯೂಸಿಯಂ ತೆರೆಯಿತು. ಈಗ ಸಂಶೋಧಕರು ಹಳೆಯ 'ಜನತಾ' ಹುಡುಕಿಕೊಂಡು ಗುಜರಿ ಅಂಗಡಿಗಳನ್ನು ಸುತ್ತುತ್ತಾರೆ. ವಿಂಟೇಜ್ ಅಂತೆ! ಕೆಲಸ ಕೊಡುತ್ತಿದ್ದಾಗ ಬೇಡವಾದದ್ದು ಸತ್ತ ಮೇಲೆ ಚಂದ. ಇತ್ತ ಸ್ವಿಟ್ಜರ್ಲೆಂಡ್ ಮತ್ತು ಅದರ ಜೊತೆಯ ದೇಶಗಳೊಂದಿಗೆ 2024 ರಲ್ಲಿ ಮಾಡಿಕೊಂಡ ವ್ಯಾಪಾರ ಒಪ್ಪಂದ 2025 ರ ಅಕ್ಟೋಬರ್ 1 ರಿಂದ ಜಾರಿಗೆ ಬಂದಿದೆ. ಸ್ವಿಸ್ ವಾಚುಗಳ ಆಮದು ಸುಂಕ ಹಂತಹಂತವಾಗಿ ಇಳಿಯಬೇಕೆಂದು ಅದರಲ್ಲಿ ಗೊತ್ತುಮಾಡಿದೆ. ಹತ್ತು ಲಕ್ಷದ ಗಿರಾಕಿಯ ಕಷ್ಟ ಸರ್ಕಾರಕ್ಕೆ ಅರ್ಥವಾಗಿದೆ, ಸಂತೋಷ.

ಗೆಳೆಯರೇ, ಈ ಬರಹ ವಾಚಿನ ಬೆಲೆಯನ್ನು ಎಣಿಸಲಿಕ್ಕೆ ಬರೆದದ್ದಲ್ಲ. ಬೆಲೆ ಎಣಿಸುತ್ತ ಕೂತರೆ ನಾವೂ ಆ ಅಂಗಡಿಯ ಗಿರಾಕಿಗಳೇ ಆಗುತ್ತೇವೆ. ಕೇಳಬೇಕಾದ್ದು ಹೊತ್ತಿನ ಪ್ರಶ್ನೆ. 1942 ರಿಂದ 1946 ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಅಂಬೇಡ್ಕರರು ಕಾರ್ಖಾನೆಯ ದುಡಿಮೆಯನ್ನು ವಾರಕ್ಕೆ 54 ಗಂಟೆಯಿಂದ 48 ಕ್ಕೆ ಇಳಿಸುವ ಕೆಲಸಕ್ಕೆ ಕೈಹಾಕಿದರು, 1946 ರಲ್ಲಿ ಅದು ಕಾಯ್ದೆಯ ತಿದ್ದುಪಡಿಯಾಗಿ ಬಂತು. ವಾರಕ್ಕೆ ಆರು ಗಂಟೆ! ದುಡಿಯುವವನಿಗೆ ತನ್ನ ಹೆಂಡತಿ ಮಕ್ಕಳ ಜೊತೆ ಕೂರಲು, ಓದಲು, ಸಂಘ ಕಟ್ಟಲು ಸಿಕ್ಕ ಆರು ಗಂಟೆ. ಬಾಬಾಸಾಹೇಬರು ನಮಗೆ ಕಟ್ಟಿದ ವಾಚು ಅದು. ಅದನ್ನು ನಮ್ಮ ಕೈಯಿಂದ ಬಿಚ್ಚುತ್ತಿದ್ದಾರೆ. 2023 ರ ಫೆಬ್ರವರಿಯಲ್ಲಿ ಕರ್ನಾಟಕದ ವಿಧಾನಮಂಡಲ, ವಾರದ 48 ಗಂಟೆಯ ಮಿತಿ ಹಾಗೇ ಇದೆ ಅನ್ನುತ್ತಲೇ, ದಿನಕ್ಕೆ ಹನ್ನೆರಡು ಗಂಟೆಯವರೆಗೆ ದುಡಿಸಲು ಅವಕಾಶ ಕೊಡುವ ತಿದ್ದುಪಡಿಯನ್ನು ಒಪ್ಪಿತು. ಅದೇ ವರ್ಷ ಅಕ್ಟೋಬರಿನಲ್ಲಿ ಇನ್ಫೋಸಿಸ್ ನಾರಾಯಣಮೂರ್ತಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025 ರ ಜನವರಿಯಲ್ಲಿ ಎಲ್ ಅಂಡ್ ಟಿ ಕಂಪನಿಯ ಮುಖ್ಯಸ್ಥರ ಬಾಯಲ್ಲಿ ಅದು 90 ಆಯಿತು. ವಾಚಿನ ಬೆಲೆಗೆ ಒಂದು ತಿಂಗಳು ಕೂಗಾಡಿದ ನಾಡಿನಲ್ಲಿ ಈ ಗಂಟೆಗಳಿಗಾಗಿ ಎಷ್ಟು ಕೂಗು ಎದ್ದಿತು? ಗಾರ್ಮೆಂಟ್ಸಿನ ಹೆಣ್ಣುಮಕ್ಕಳನ್ನು ಕೇಳಿ, ಉಚ್ಚೆಗೆ ಹೋದ ನಿಮಿಷವನ್ನೂ ಎಣಿಸುವ ಸೂಪರ್‌ವೈಸರನ ಕೈಗಡಿಯಾರದ ಬಗ್ಗೆ ಹೇಳುತ್ತಾರೆ. ಕತ್ತಲಲ್ಲೇ ಎದ್ದು ಹಾಜರಿಯ ಯಂತ್ರಕ್ಕೆ ಹೆಬ್ಬೆರಳು ಒತ್ತುವ ಪೌರಕಾರ್ಮಿಕರನ್ನು ಕೇಳಿ. ಕಸ ಎತ್ತಿ ಎತ್ತಿ ಸವೆದ ಆ ಬೆರಳಿನ ಗೆರೆ ಯಂತ್ರಕ್ಕೆ ಕಾಣದೆ ಹೋದರೆ ಅವತ್ತಿನ ಹೊತ್ತೆಲ್ಲ ಯಾರದು?

ಸಂಘಟನೆಯ ಗೆಳೆಯರಿಗೆ, ವಿದ್ಯಾರ್ಥಿಗಳಿಗೆ, ಹಳ್ಳಿಯ ಮೇಷ್ಟ್ರುಗಳಿಗೆ ನಮ್ಮ ಕೋರಿಕೆ ಇಷ್ಟು. ಕೇರಿಯ ಹುಡುಗನೊಬ್ಬ ವಾಚು ಕಟ್ಟಿದ್ದಕ್ಕೆ ಊರಿನವರು ಮೈಮೇಲೆ ಬಿದ್ದರೆ ಆ ವಾಚು ಐನೂರರದೋ ಐದು ಲಕ್ಷದ್ದೋ ಎಂದು ನೋಡದೆ ಅವನ ಪಕ್ಕ ನಿಲ್ಲಿ. ಶಾಲೆಯಲ್ಲಿ ಗಡಿಯಾರ ನೋಡುವುದನ್ನು ಕಲಿಸುವಾಗ ಪುಣೆಯ ನೆರಳಿನ ಕಥೆಯನ್ನೂ ಹೇಳಿ. ಕೆಲಸದ ಜಾಗದಲ್ಲಿ ದುಡಿದ ಗಂಟೆಗಳನ್ನು ನಿಮ್ಮದೇ ಪುಸ್ತಕದಲ್ಲಿ ಬರೆದಿಡಲು ಕಲಿಸಿ. ಮಾಲೀಕನ ಪುಸ್ತಕ ನಂಬಬೇಡಿ. ಸ್ವಿಸ್ ವಾಚಿನ ಸಂಶೋಧನೆಯಲ್ಲಿ ತೊಡಗಿರುವ ನಮ್ಮ ಗೆಳೆಯರಿಗೂ ಒಂದು ಮಾತು. ಆರು ತಿಂಗಳು ಕೂತು ಒಂದು ವಿಷಯವನ್ನು ಬುಡಮಟ್ಟ ಓದುವ ತಾಳ್ಮೆ ನಿಮಗಿದೆ. ಹಟ್ಟಿಯಲ್ಲಿ ಹುಟ್ಟಿದವನಿಗೆ ಆ ಬಿಡುವು ಸಿಗಲು ಎಷ್ಟು ಜನ ತಮ್ಮ ಹೊತ್ತು ತೆತ್ತಿದ್ದಾರೆ ಎಂಬುದು ನಿಮಗೂ ಗೊತ್ತು. ಕನಿಷ್ಠ ಕೂಲಿಯ ಕಾಯ್ದೆ ಓದಿ. ನಿಮ್ಮ ಊರಿನ ಬಗರ್‌ಹುಕುಂ ಅರ್ಜಿಗಳು ಎಷ್ಟು ವರ್ಷದಿಂದ ಕೊಳೆಯುತ್ತಿವೆ ಎಂದು ತಾಲ್ಲೂಕು ಕಚೇರಿಯಲ್ಲಿ ಹುಡುಕಿ. ಹಾಸ್ಟೆಲಿನ ಹುಡುಗರಿಗೆ ದೀಪ ಎಷ್ಟು ಗಂಟೆಗೆ ಆರಿಸುತ್ತಾರೆ, ಯಾಕೆ ಆರಿಸುತ್ತಾರೆ ಎಂದು ವಾರ್ಡನ್ನರನ್ನು ಕೇಳಿ. ಅದಕ್ಕೂ ವಾಚು ಬೇಕು. ಹೊತ್ತು ಸರಿಯಾಗಿ ತೋರಿಸುವ ಯಾವುದಾದರೂ ಆದೀತು.